ಎಡಬದಿಯ ಅಳತೆ

ಆಸ್ಪತ್ರೆಯ ಓಡಾಟ ಮುಗಿದು, ಉದುರಿದ ಕೂದಲು ಮತ್ತೆ ಮೊಳೆಯತೊಡಗಿದ ಮೇಲೂ ದರ್ಜಿ ತನ್ನ ಹೊಲಿಗೆ ಯಂತ್ರದ ಮುಚ್ಚಳ ತೆಗೆಯಲಿಲ್ಲ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವಳ ಅಂಗಡಿ. ಆ ಬೀದಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅವಳಿಗೆ ಅಳತೆ ಕೊಟ್ಟವರೇ. ಯಾರ ಭುಜ ಒಂದು ಕಡೆ ಇಳಿದಿದೆ, ಯಾರ ಬೆನ್ನು ಬಾಗುತ್ತಿದೆ, ಯಾರು ಬಸುರಿಯಾಗಿಯೂ ಇನ್ನೂ ಮನೆಯಲ್ಲಿ ಬಾಯಿಬಿಟ್ಟಿಲ್ಲ ಎಂಬುದೆಲ್ಲ ಮೊದಲು ತಿಳಿಯುತ್ತಿದ್ದುದು ಅವಳ ಟೇಪಿಗೆ. ಇಳಿದ ಭುಜಕ್ಕೆ ಒಳಗೊಂದು ಪಟ್ಟಿ ಕೊಟ್ಟು, ಬಾಗಿದ ಬೆನ್ನಿಗೆ ಕತ್ತಿನ ಹಿಂದೆ ಚೂರು ಬಟ್ಟೆ ಬಿಟ್ಟು, ಯಾರಿಗೂ ಹೇಳದೆ ಹೊಲಿದು ಕೊಡುತ್ತಿದ್ದಳು. ಈಗ ಅವಳ ಎಡ ಮೊಲೆಯನ್ನೇ ತೆಗೆದಿದ್ದರು.

ಮನೆಯಲ್ಲಿ ನಾಲ್ಕು ಜನ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ, ಮನಸ್ಸಿನ ಮಾತು ಯಾವ ಒತ್ತಾಯಕ್ಕೂ ಹೊರಬರುತ್ತಿರಲಿಲ್ಲ. ಅತ್ತೆ ಪ್ರಾಯವನ್ನೆಲ್ಲ ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಕಳೆದವಳು. ನೂಕುನುಗ್ಗಲಿಗೆ ಕೂಗಿ ಕೂಗಿ ಅವಳ ಪಿಸುಮಾತೂ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಸೊಸೆ ಬಂದು ಇಪ್ಪತ್ತು ವರ್ಷ ದಾಟಿದರೂ ಅವಳನ್ನು ಇನ್ನೂ ‘ಹೊಸಬಳು’ ಎಂದೇ ಕರೆಯುತ್ತಿದ್ದಳು. ಇನ್ನು ಕಾಲೇಜಿಗೆ ಹೋಗುವ ಮಗಳು. ತಾಯಿ ಹಾಸಿಗೆ ಹಿಡಿದಾಗಿನಿಂದ ಒಲೆ ಅವಳ ಪಾಲಿಗೆ ಬಂದಿತ್ತು.

“ಇದು ಅನ್ನಾನೋ ಅಂಟೋ?” ಒಂದು ಸಂಜೆ ಅತ್ತೆ ತಟ್ಟೆಯನ್ನು ಓರೆ ಮಾಡಿ ತೋರಿಸಿದಳು. ಅನ್ನ ಜಾರಲಿಲ್ಲ.

“ಅಂಟೇ ಅಜ್ಜಿ. ನಿನ್ನ ಬಾಯಿ ಅಂಟ್ಕೊಳ್ಳಲಿ ಅಂತ್ಲೇ ಮಾಡಿದ್ದು.”

“ನನ್ನ ಬಾಯಿ ಅಂಟಿಸೋ ಅಕ್ಕಿ ಇನ್ನೂ ಬೆಳೆದಿಲ್ಲ ಕಣೆ.”

ದರ್ಜಿ ಇಬ್ಬರ ಮಾತಿಗೂ ತಲೆ ಎತ್ತಲಿಲ್ಲ. ಬಲಗೈಯಲ್ಲಿ ಅನ್ನ ಕಲಸುತ್ತ ಕೂತಿದ್ದಳು. ಎಡಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಅದನ್ನು ಮಡಿಲಲ್ಲಿ ಯಾರದೋ ಕೈಯಂತೆ ಇಟ್ಟುಕೊಂಡಿದ್ದಳು.

ಗಂಡ ನೀರು ಕುಡಿದು ಲೋಟ ಕೆಳಗಿಟ್ಟ. “ಒಂದು ವಿಷಯ. ಜೆರಾಕ್ಸಿನವನು ಜಾಗ ಹುಡುಕ್ತಾ ಇದ್ದಾನೆ. ಮುಂದಿನ ಕೋಣೆ ಸುಮ್ನೆ ಬಿದ್ದಿದೆಯಲ್ಲ. ಬಾಡಿಗೆ ಬಂದ್ರೆ ಕೈಗಾಗತ್ತೆ.”

“ಯಂತ್ರ ಎಲ್ಲಿಡೋದು?” ಎಂದಳು ಮಗಳು.

“ಒಳಗೆ ಎಲ್ಲಾದ್ರೂ. ಇಲ್ಲಾಂದ್ರೆ ಕೊಟ್ಬಿಡೋದು. ನಿಮ್ಮಮ್ಮ ಹೇಳಿದ ಹಾಗೆ.”

ಮೂವರೂ ದರ್ಜಿಯ ಕಡೆ ನೋಡಿದರು.

“ನಾನೇನೂ ಹೇಳಲ್ಲ,” ಎಂದಳು ಅವಳು. “ಏನಾದ್ರೂ ಮಾಡ್ಕೊಳ್ಳಿ. ನಂಗೆ ಸುಸ್ತು.”

ಆ ಮನೆಯಲ್ಲಿ ಈಚೆಗೆ ಎಲ್ಲ ಮಾತೂ ಈ ಒಂದು ಪದಕ್ಕೆ ಬಂದು ಮುಗಿಯುತ್ತಿತ್ತು.

ರಜದ ದಿನ ಜೆರಾಕ್ಸಿನವನು ಕೋಣೆ ನೋಡಲು ಬಂದ. ಗೋಡೆಗೆ ಬೆರಳು ಬಡಿದು, ಕರೆಂಟಿನ ಪ್ಲಗ್ಗು ಎಲ್ಲಿದೆ ಎಂದು ಬಗ್ಗಿ ನೋಡಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಯನ್ನು ಕಂಡ. ಆಪರೇಷನ್ ಆದಾಗಿನಿಂದ ಗಂಡ ಇಲ್ಲಿಯೇ ಮಲಗುತ್ತಿದ್ದ. ತನ್ನ ಗೊರಕೆಗೆ ಹೆಂಡತಿಯ ನಿದ್ದೆ ಕೆಡುತ್ತದೆ ಎಂಬುದು ಅವನು ಕೊಟ್ಟ ಕಾರಣ. ಇಷ್ಟು ವರ್ಷ ಕೆಡದ ನಿದ್ದೆ ಈಗೇಕೆ ಕೆಟ್ಟೀತೆಂದು ಅವಳೂ ಕೇಳಿರಲಿಲ್ಲ.

ದರ್ಜಿ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದಳು. ಜೆರಾಕ್ಸಿನವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ: “ಈಗ ಹೇಗಿದ್ದೀರಮ್ಮ? ಪಿತ್ತಕೋಶದ ಕಲ್ಲು ಅಂತ ಅಣ್ಣ ಹೇಳಿದ್ರು. ನಮ್ಮ ಭಾವನಿಗೂ ಆಗಿತ್ತು. ತೆಗೆದ ಕಲ್ಲನ್ನ ಡಬ್ಬೀಲಿ ಹಾಕಿ ಕೊಟ್ಟಿದ್ರು, ಬಂದೋರಿಗೆಲ್ಲ ತೋರಿಸ್ತಾನೆ. ನಿಮಗೂ ಕೊಟ್ರಾ?”

ದರ್ಜಿ ಗಂಡನ ಮುಖ ನೋಡಿದಳು. ಅವನು ಪ್ಲಗ್ಗಿನ ಕಡೆ ನೋಡುತ್ತಿದ್ದ.

“ಇಲ್ಲಪ್ಪ,” ಎಂದಳು. “ನಂದು ಕೊಡಲಿಲ್ಲ.”

ಜೆರಾಕ್ಸಿನವನು ಅತ್ತ ಹೋದದ್ದೇ ತಡ, ಅತ್ತೆ ಅಡುಗೆಮನೆಯಿಂದ ಹೊರಬಂದಳು. “ಕಲ್ಲಂತೆ ಕಲ್ಲು! ನಿನ್ನ ತಲೇಲಿರೋದು ಕಲ್ಲು! ಹೆಂಡ್ತಿಗೆ ಬಂದ ಕಾಯಿಲೆ ಹೇಳೋಕೆ ನಿಂಗೇನೋ ನಾಚಿಕೆ?”

“ಡಿಪೋದಲ್ಲಿ ಏನು ಅಂತ ಹೇಳ್ಲಿ ಅಮ್ಮ? ಗಂಡಸರಿರೋ ಜಾಗ ಅದು. ಎಲ್ಲಿ ಅಂತ ಕೇಳ್ತಾರೆ. ಏನು ತೆಗೆದ್ರು ಅಂತ ಕೇಳ್ತಾರೆ.”

“ಕೇಳಿದ್ರೆ ಹೇಳು. ಅವರೇನು ತಾಯಿ ಹಾಲು ಕುಡೀದೆ ಬೆಳೆದೋರಾ?”

ದರ್ಜಿ ಮೆಲ್ಲಗೆ ಹೇಳಿದಳು: “ಬಿಡಿ ಅತ್ತೆ. ಅವರಿಗೆ ಹೇಳೋಕೆ ಕಷ್ಟ, ನಂಗೆ ನೋಡ್ಕೊಳ್ಳೋಕೆ ಕಷ್ಟ. ಗಂಡ ಹೆಂಡ್ತಿ ಸರಿಯಾಗೇ ಇದ್ದೀವಿ.”

ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಹೊಸ್ತಿಲಲ್ಲಿ ನಿಂತ. “ಆ ಪದ ನನ್ನ ಬಾಯಿಗೆ ಬರಲ್ಲ,” ಎಂದ. “ಹೇಳಿದ್ರೆ ಮತ್ತೆ ಬಂದ್ಬಿಡತ್ತೇನೋ ಅನ್ಸತ್ತೆ.” ಆಮೇಲೆ ಬೀದಿಗಿಳಿದು ಹೋದ.

ಆಸ್ಪತ್ರೆಯಲ್ಲಿ ಒಳಗಿಟ್ಟುಕೊಳ್ಳಲೆಂದು ರಬ್ಬರಿನಂಥ ಒಂದು ಮೆತ್ತೆ ಕೊಟ್ಟಿದ್ದರು. ಬಿಸಿಲೇರಿದರೆ ಅದರ ಕೆಳಗೆ ಮೈ ಬೆಂದು ಕೆಂಪಗೆ ಗುಳ್ಳೆ ಏಳುತ್ತಿತ್ತು. ಕಿತ್ತಿಟ್ಟರೆ ಅಂಗಿ ಒಂದು ಕಡೆಗೆ ಜೋತುಬೀಳುತ್ತಿತ್ತು. ಹಾಗಾಗಿ ದರ್ಜಿ ಎಲ್ಲಿಗೂ ಹೋಗುತ್ತಿರಲಿಲ್ಲ. ತರಕಾರಿ ತರಲು ಅತ್ತೆ, ಔಷಧಿ ತರಲು ಮಗಳು.

ಒಂದು ಮಧ್ಯಾಹ್ನ ಅತ್ತೆ ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ತಂದು ಅವಳ ಮಡಿಲಿಗೆ ಹಾಕಿದಳು. “ಲೇ ಹೊಸಬಳೇ, ಒಂದು ಚೀಲ ಹೊಲಿ. ಈ ರಬ್ಬರಿನ ಪೀಡೆ ಸಾಕು. ಹತ್ತಿ ತುಂಬಿಸಿ ಇಟ್ಕೊ.”

“ಯಂತ್ರ ಮೆಟ್ಟೋಕೆ ಆಗಲ್ಲ ಅತ್ತೆ.”

“ನಿನ್ನ ಕಾಲಿಗೇನಾಗಿದೆ? ಕೈಯಲ್ಲಾದ್ರೂ ಹೊಲಿ. ಇಲ್ಲಾಂದ್ರೆ ನಾನು ಹೊಲೀತೀನಿ, ಗೋಣಿಚೀಲದ ಹಾಗೆ ಬರತ್ತೆ, ಆಮೇಲೆ ಅಳ್ಬೇಡ.”

ಆ ಬೆದರಿಕೆ ಫಲಿಸಿತು. ಅತ್ತೆಯ ಹೊಲಿಗೆಯನ್ನು ಕಂಡವರ್ಯಾರೂ ಅದನ್ನು ಮೈಗೆ ಹಾಕಿಕೊಳ್ಳಲಾರರು. ದರ್ಜಿ ಸೂಜಿಗೆ ದಾರ ಪೋಣಿಸಿದಳು. ಹತ್ತಿಯ ಚೀಲ ತೀರಾ ಹಗುರ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕತ್ತಿನವರೆಗೆ ಏರಿ ಕೂರುತ್ತಿತ್ತು. ಮರಳು ತುಂಬಿದರೆ ಭುಜ ಎಳೆಯಿತು. ಬಿಚ್ಚಿದಳು, ಮತ್ತೆ ಹೊಲಿದಳು. ಸಾಸಿವೆ ತುಂಬಿದಳು, ಅದರ ಭಾರ ಸರಿಹೋಯಿತು, ಮೈಯ ಬಿಸಿಗೆ ಘಾಟು ಹೊಡೆಯಿತು. ಕೊನೆಗೆ ಹೆಸರುಕಾಳು. ಕಾಳು ಒಳಗೆ ಸರಿದಾಡಿ, ಅವಳು ತಿರುಗಿದರೆ ತಾನೂ ತಿರುಗಿ, ಹೆಚ್ಚುಕಡಿಮೆ ಮೈಯಂತೆಯೇ ಇತ್ತು. ಸಂಜೆಯ ಹೊತ್ತಿಗೆ ಬೆವರಿನಿಂದ ಒದ್ದೆ.

ಅತ್ತೆ ಮುಟ್ಟಿ ನೋಡಿ, “ಮೊಳಕೆ ಬಂದ್ರೆ ಹೇಳು,” ಎಂದಳು. “ಬೇಯಿಸಿಬಿಡ್ತೀನಿ. ನಿನ್ನ ಮಗಳ ಅಂಟಿಗಿಂತ ವಾಸಿ.”

ದರ್ಜಿ ನಕ್ಕಳು. ನಗು ತಡೆಯಲಾಗದೆ ಹೊಲಿಗೆ ಎಳೆದು ನೋವಾಯಿತು, ನೋವಿನಲ್ಲೂ ನಕ್ಕಳು. ಮಗಳು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು, ನಗುತ್ತಿರುವ ತಾಯಿಯನ್ನು ಸ್ವಲ್ಪ ಹೊತ್ತು ನೋಡಿದಳು. ನಗುವಿಗೆ ಸೇರಿಕೊಳ್ಳದೆ ಒಳಗೆ ಹೋದಳು.

ಅಲ್ಲಿಂದ ದರ್ಜಿ ದಿನಕ್ಕಿಷ್ಟು ಹೊತ್ತು ಚೀಲಗಳಿಗೆ ಕೂತಳು. ಆಕಾರ ತಿದ್ದಿದಳು, ಎರಡು ಪದರ ಬಟ್ಟೆ ಕೊಟ್ಟಳು, ಒಳಗಿನದನ್ನು ತೆಗೆದು ಒಗೆಯಲು ಬರುವಂತೆ ಗುಂಡಿ ಇಟ್ಟಳು. ಕೈಗೆ ಕೆಲಸ ಸಿಕ್ಕಿತೆಂದು ಮನೆಯವರು ಅಂದುಕೊಂಡರು. ಆದರೂ ಅವಳು ಬೀದಿಗೆ ಇಳಿಯಲಿಲ್ಲ.

ಮಗಳು ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋದಳು. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ಅಪ್ಪನ ಹಳೆಯ ದೊಗಳೆ ಅಂಗಿಗಳನ್ನೇ ಹಾಕಿಕೊಂಡು ಭುಜ ಮುಂದಕ್ಕೆ ಬಗ್ಗಿಸಿ ನಡೆಯುತ್ತಿದ್ದಳು. ಒಂದು ದಿನ ಕಾಲೇಜಿಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

“ಯಾಕೆ, ಕಾಲೇಜು ಮುಚ್ಚಿದ್ರಾ?” ಎಂದಳು ತಾಯಿ.

“ನಂಗೂ ಸುಸ್ತು.”

“ನಿಂಗೇನೇ ಸುಸ್ತು ಈ ವಯಸ್ಸಲ್ಲಿ?”

“ಓ! ಸುಸ್ತು ನಿಂಗೊಬ್ಳಿಗೇ ಬರೆದುಕೊಟ್ಟಿದ್ದಾರಾ?” ಮಗಳು ಒರೆಸುತ್ತಿದ್ದ ತಟ್ಟೆಯನ್ನು ಕುಕ್ಕಿದಳು. “ಬೆಳಗಾದ್ರೆ ಕಾಳಿನ ಚೀಲ, ಸಂಜೆಯಾದ್ರೆ ಕಾಳಿನ ಚೀಲ. ಬಾಗಿಲು ಹಾಕ್ಕೊಂಡು ಬಟ್ಟೆ ಬದಲಾಯಿಸ್ತೀಯ. ಸ್ನಾನಕ್ಕೆ ದೀಪ ಆರಿಸ್ಕೊಂಡು ಹೋಗ್ತೀಯ. ನಂಗೇನೂ ಕಾಣಲ್ವಾ?”

“ನಿಂಗ್ಯಾಕೆ ಅದೆಲ್ಲ? ನನ್ನ ಮೈ ಅದು.”

“ನಂಗ್ಯಾಕಾ?” ಹುಡುಗಿಯ ದನಿ ಒಡೆಯಿತು. “ನಂಗೂ ಒಂದು ಗಂಟು ಸಿಕ್ಕಿದೆ ಅಮ್ಮ. ಬಲಗಡೆ. ಹೋದ ತಿಂಗಳೇ. ಯಾರಿಗೂ ಹೇಳಿಲ್ಲ. ಯಾಕೆ ಹೇಳ್ಲಿ? ಹೇಳಿದ್ರೆ ಕತ್ತರಿಸ್ತಾರೆ. ಆಮೇಲೆ ನಾನೂ ನಿನ್ನ ಹಾಗೇ ಕತ್ತಲೇಲಿ ಸ್ನಾನ ಮಾಡ್ಬೇಕು.”

ಅತ್ತೆ ಗೋಡೆ ಹಿಡಿದು ಕೂತಳು. ದರ್ಜಿ ಮಗಳ ಹತ್ತಿರ ಹೋಗಿ, ಆ ದೊಗಳೆ ಅಂಗಿಯ ಮೇಲಿಂದಲೇ, ಅಳತೆ ತೆಗೆಯುವವರ ಹಾಗೆ ಬೆರಳಿಟ್ಟು ನೋಡಿದಳು. ಬೆರಳು ಒಂದು ಕಡೆ ನಿಂತಿತು. “ನಾಳೆ ಹೋಗೋಣ,” ಎಂದಳು.

ಮರುದಿನ ಆಸ್ಪತ್ರೆಯಲ್ಲಿ ವೈದ್ಯೆ ಬೆರಳಲ್ಲಿ ಒತ್ತಿ ನೋಡಿ, ಹೆದರಬೇಕಿಲ್ಲ ಅನಿಸುತ್ತದೆ, ಆದರೆ ಮನೆತನದಲ್ಲಿ ಬಂದಿರುವುದರಿಂದ ಸ್ಕ್ಯಾನ್ ಮಾಡಿ, ಸೂಜಿ ಚುಚ್ಚಿ ಪರೀಕ್ಷೆ ಮಾಡಲೇಬೇಕು ಎಂದಳು. ಅದಕ್ಕೆ ಎರಡು ವಾರದ ಆಚೆಯ ದಿನ ಸಿಕ್ಕಿತು. ಮನೆಗೆ ಬರುವ ದಾರಿಯುದ್ದಕ್ಕೂ ದರ್ಜಿ ಶಾಲನ್ನು ಎರಡು ಸುತ್ತು ಸುತ್ತಿಕೊಂಡಿದ್ದಳು. ಬಿಸಿಲು ಸುಡುತ್ತಿತ್ತು.

“ಪರೀಕ್ಷೆಗೆ ನಾನು ಹೋಗಲ್ಲ,” ಎಂದಳು ಮಗಳು, ಮನೆ ಸೇರಿದ ಮೇಲೆ.

“ನಾನು ಜೊತೇಲಿ ಬರ್ತೀನಲ್ಲ.”

“ಹೀಗೆ ಬರೋದಾದ್ರೆ ಬೇಡ. ಆ ಹಾಲ್‌ನಲ್ಲಿ ನೀನು ಶಾಲು ಸುತ್ಕೊಂಡು ತಲೆ ತಗ್ಗಿಸಿ ಕೂತ್ರೆ, ನಂಗೆ ಇನ್ನೂ ಭಯ ಆಗತ್ತೆ. ಒಬ್ಳೇ ಹೋಗೋದು ವಾಸಿ.”

ಆ ಮಾತು ಅಲ್ಲಿಗೇ ನಿಂತಿತು. ಅಂದು ಯಾರಿಗೂ ಊಟ ಸೇರಲಿಲ್ಲ. ಗಂಡ ತಟ್ಟೆಯ ಮುಂದೆ ಕೂತು, ಮಗಳ ಮುಖವನ್ನೂ ಹೆಂಡತಿಯ ಮುಖವನ್ನೂ ಸರದಿಯಲ್ಲಿ ನೋಡಿ ಎದ್ದುಹೋದ. ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆಯುವ ಸದ್ದು ಕೇಳುತ್ತಿತ್ತು.

ಮರುದಿನ ಮಧ್ಯಾಹ್ನ, ಮಗಳು ಕಾಲೇಜಿಗೆ ಹೋದ ಮೇಲೆ, ದರ್ಜಿ ಮುಂದಿನ ಕೋಣೆಗೆ ಹೋಗಿ ಯಂತ್ರದ ಮುಚ್ಚಳ ತೆಗೆದಳು. ಎಣ್ಣೆ ಬಿಟ್ಟಳು. ಆಮೇಲೆ ಅತ್ತೆಯನ್ನು ಕರೆದು ಬಾಗಿಲ ಚಿಲಕ ಹಾಕಿದಳು.

“ಟೇಪು ಹಿಡೀರಿ. ನನ್ನ ಅಳತೆ ನಾನೇ ತಗೊಳ್ಳೋಕೆ ಬರಲ್ಲ, ಕೈ ಎತ್ತೋಕಾಗಲ್ಲ.”

ಅತ್ತೆ ಕನ್ನಡಕ ಹಾಕಿಕೊಂಡಳು. “ತೆಗಿ ಮತ್ತೆ ಅಂಗಿ.”

ದರ್ಜಿಯ ಬೆರಳು ಗುಂಡಿಯ ಮೇಲೇ ನಿಂತಿತು. “ನೋಡೋಕೆ ಚೆನ್ನಾಗಿಲ್ಲ ಅತ್ತೆ.”

“ನಾನೇನು ಟಿಕೆಟ್ ತಗೊಂಡು ಬಂದಿದ್ದೀನಾ, ಚೆನ್ನಾಗಿರ್ಲಿ ಅನ್ನೋಕೆ?”

ದರ್ಜಿ ಅಂಗಿ ಬಿಚ್ಚಿದಳು. ಕಂಕುಳಿನಿಂದ ಎದೆಯ ನಡುವಿನವರೆಗೆ ಗಾಯದ ಗೆರೆ ಓರೆಯಾಗಿ ಇಳಿದಿತ್ತು. ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಒಳಗೆಳೆದುಕೊಂಡಿತ್ತು. ಅತ್ತೆ ಬಹಳ ಹೊತ್ತು ನೋಡಿದಳು.

“ಹೊಲಿಗೆ ಒರಟು,” ಎಂದಳು ಕಡೆಗೆ. “ನಿನ್ನ ಗಿರಾಕಿ ಆಗಿದ್ರೆ ಬಿಚ್ಚಿಸಿ ಮತ್ತೆ ಹೊಲಿಸ್ತಿದ್ಲು.”

“ಅವಸರದ ಕೆಲಸ.”

“ನೋಯತ್ತಾ?”

“ಅಷ್ಟಿಲ್ಲ. ಮುಟ್ಟಿದ್ರೆ ಮುಟ್ಟಿದ್ದೇ ಗೊತ್ತಾಗಲ್ಲ ಕೆಲವು ಕಡೆ.”

ಅತ್ತೆ ಟೇಪು ಇಟ್ಟು ಅಂಕಿ ಓದಿದಳು. ದರ್ಜಿ ತಲೆಯಾಡಿಸಿದಳು. “ಅದು ಎಮ್ಮೆಯ ಅಳತೆ ಅತ್ತೆ. ಟೇಪು ತಿರುಗಿಸಿ ಹಿಡ್ಕೊಳ್ಳಿ, ಇಂಚಿನ ಕಡೆ.” ಅತ್ತೆ ಬೈದುಕೊಂಡು ತಿರುಗಿಸಿ ಹಿಡಿದಳು. ಕತ್ತಿನಿಂದ ಸೊಂಟಕ್ಕೆ, ನಡುವಿನಿಂದ ಕಂಕುಳಿಗೆ, ಬಲಕ್ಕೊಂದು, ಎಡಕ್ಕೊಂದು. ದರ್ಜಿ ಎರಡನ್ನೂ ಪಕ್ಕಪಕ್ಕದಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡಳು. ಇದುವರೆಗೆ ಅವಳು ಎಡಬದಿಗೆ ಇಲ್ಲದ ಅಳತೆಯನ್ನು ಇದೆ ಎಂದುಕೊಂಡೇ ಚೀಲ ಹೊಲಿದಿದ್ದಳು.

ಹೊಲಿಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಎದೆಯ ಉಬ್ಬಿಗೆಂದು ಬಟ್ಟೆಯನ್ನು ಮಡಿಸಿ ಹೊಲಿಯುವ ಟಕ್ಸನ್ನು ಬಲಕ್ಕೆ ಮಾತ್ರ ಕೊಟ್ಟಳು. ಆಗ ಎಡಗಡೆ ಬಟ್ಟೆ ಹೆಚ್ಚಾಗಿ ಸುಕ್ಕುಗಟ್ಟಿ ನಿಂತಿತು. ಎಡವನ್ನು ಕಿರಿದು ಮಾಡಿದರೆ ಕತ್ತು ಒಂದು ಕಡೆಗೆ ಎಳೆಯಿತು. ಬಿಚ್ಚಿದಳು. ಎಡ ತೋಳು ಸ್ವಲ್ಪ ಹೊತ್ತಿಗೇ ಊದಿಕೊಂಡು ಕಲ್ಲಿನಂತಾಗುತ್ತಿತ್ತು. ಆಗ ಅದನ್ನು ದಿಂಬಿನ ಮೇಲಿಟ್ಟು ಮಲಗಿ, ಮಾಡಿನ ಕಡೆ ನೋಡುತ್ತ ಮುಂದಿನ ಕತ್ತರಿಯನ್ನು ಮನಸ್ಸಿನಲ್ಲೇ ಹಾಕುತ್ತಿದ್ದಳು. ಕೆಲವು ದಿನ ಯಂತ್ರದ ಮುಂದೆ ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಮೇಜಿನ ಮೇಲೆ, ನೆಲದ ಮೇಲೆ ಎಲ್ಲೆಲ್ಲೂ ತುಂಡುಬಟ್ಟೆ.

“ನಾನೆಲ್ಲಿ ಮಲಗ್ಲಿ?” ಎಂದ ಗಂಡ, ಹಾಸಿಗೆಯ ಸುರುಳಿ ಹಿಡಿದುಕೊಂಡು.

“ಒಳಗೆ ಹೋಗು,” ಎಂದಳು ಅವನ ತಾಯಿ. “ಗೊರಕೆ ಹೊಡೆದ್ರೆ ಮೂಗು ಹಿಂಡ್ತಾಳೆ, ಅಷ್ಟೇ ತಾನೆ.”

ಅವನು ಒಳಗೆ ಹೋದ. ಅದರ ಬಗ್ಗೆ ಗಂಡ ಹೆಂಡತಿ ಮಾತಾಡಲಿಲ್ಲ. ಎರಡು ದಿನದ ಮೇಲೆ ಜೆರಾಕ್ಸಿನವನು ಮತ್ತೆ ಬಂದಾಗ ಅವನೇ ಬಾಗಿಲಲ್ಲಿ ಅಡ್ಡ ನಿಂತು, “ಜಾಗ ಇಲ್ಲಪ್ಪ, ಅವಳು ಕೆಲಸ ಶುರು ಮಾಡಿದ್ದಾಳೆ,” ಎಂದು ಹೇಳಿ ಕಳಿಸಿದ. ತಿರುಗಿ ಬರುವ ಮೊದಲು ಅವನನ್ನು ಮತ್ತೆ ಕರೆದು, “ಅವತ್ತು ಕಲ್ಲು ಅಂತ ಹೇಳಿದ್ದು ಸುಳ್ಳು, ಕ್ಯಾನ್ಸರ್,” ಎಂದದ್ದೂ ಒಳಗಿದ್ದವರಿಗೆ ಕೇಳಿಸಿತು.

ಅಂಗಿ ಕೊನೆಗೂ ಕೂತಿತು. ಎಲೆಹಸಿರು ಬಣ್ಣದ ಹತ್ತಿಬಟ್ಟೆ. ಬಲಗಡೆ ಟಕ್ಸು, ಎಡಗಡೆ ಭುಜದಿಂದ ನೇರ ಇಳಿಯುವ ಸಪಾಟು. ಕತ್ತು ಎಳೆಯಲಿಲ್ಲ, ಸುಕ್ಕು ಬರಲಿಲ್ಲ. ಆದರೆ ದರ್ಜಿಗೆ ಆ ಸಪಾಟು ಬದಿ ಏನೋ ಬಾಕಿ ಉಳಿಸಿಕೊಂಡ ಹಾಗೆ ಕಂಡಿತು. ಕೆಂಪು ದಾರ ಹಾಕಿ, ಕಂಕುಳಿನಿಂದ ನಡುವಿನವರೆಗೆ, ಕೆಳಗೆ ಗಾಯ ಎಲ್ಲಿ ಹೋಗಿತ್ತೋ ಅದರ ಮೇಲೆಯೇ ಸಣ್ಣ ಸಣ್ಣ ಸರಪಳಿ ಹೊಲಿಗೆ ಎಳೆಯತೊಡಗಿದಳು. ಗಾಯ ಡೊಂಕಾದಲ್ಲಿ ದಾರವೂ ಡೊಂಕಾಯಿತು. ಕೆಲವು ಸಂಜೆ ಮಗಳು ಬಂದು ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟಳು. ಏನು, ಯಾಕೆ ಎಂದು ಕೇಳಲಿಲ್ಲ. ಒಂದು ಸಲ ಮಾತ್ರ, “ಇಲ್ಲಿ ನಿಜವಾಗ್ಲೂ ಇಷ್ಟು ಬಾಗಿದೆಯಾ?” ಎಂದಳು. ತಾಯಿ ಕತ್ತಿನ ಗುಂಡಿ ಬಿಚ್ಚಿ ತೋರಿಸಿದಳು. ಹುಡುಗಿ ಕಣ್ಣು ತಿರುಗಿಸಲಿಲ್ಲ. “ಇನ್ನೂ ಸ್ವಲ್ಪ ಬಾಗಬೇಕು ಹಾಗಾದ್ರೆ,” ಎಂದಳು. ತಾಯಿ ನಾಲ್ಕು ಹೊಲಿಗೆ ಬಿಚ್ಚಿ ತಿದ್ದಿದಳು.

ಗಂಡ ನೋಡಿದ್ದು ಮುಗಿದ ಮೇಲೆ. “ಚೆನ್ನಾಗಿದೆ,” ಎಂದ. ಸ್ವಲ್ಪ ತಡೆದು, “ಆದ್ರೆ ಅದನ್ನ ಮೇಲೇ ಬರೆದು ತೋರಿಸ್ಬೇಕಾ? ಮನೇಲಿ ಹಾಕ್ಕೊ. ಹೊರಗೆ ಜನ...”

“ತೋರಿಸೋಕಲ್ಲ. ಅಲ್ಲೊಂದು ಹೊಲಿಗೆ ಇದೆ, ಅದಕ್ಕೇ ಹೊಲಿದೆ.”

“ನೋಡ್ತಾರೆ.”

“ನೋಡ್ಲಿ. ಮುಚ್ಚಿಟ್ಟೂ ಮುಚ್ಚಿಟ್ಟೂ ನಂಗೆ ಸಾಕಾಗಿದೆ. ಹಾಗೆ ಇರೋದೇ ದೊಡ್ಡ ಕೆಲಸ ಆಗಿತ್ತು ಕಣ್ರೀ. ಬೆಳಗಿಂದ ಸಂಜೆವರೆಗೆ ಅದೇ ಕೆಲಸ.”

ಅತ್ತೆ ಒಳಗಿಂದ, “ಅನ್ನ ಸೀದೋಗ್ತಿದೆ, ಯಾರಾದ್ರೂ ನೋಡ್ರೋ!” ಎಂದು ಕೂಗಿದಳು.

ಪರೀಕ್ಷೆಯ ದಿನ ದರ್ಜಿ ಆ ಹಸಿರು ಅಂಗಿ ಹಾಕಿಕೊಂಡು, ಶಾಲಿಲ್ಲದೆ ಮಗಳ ಜೊತೆ ಹೊರಟಳು. ಬೀದಿಯಲ್ಲಿ ಔಷಧಿ ಅಂಗಡಿಯವನ ಹೆಂಡತಿ ನೋಡಿದಳು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಮಗಳು ಅವಳ ಕೈ ಹಿಡಿದುಕೊಂಡದ್ದು ತನ್ನ ಭಯಕ್ಕೋ ತಾಯಿಯ ಭಯಕ್ಕೋ ಇಬ್ಬರಿಗೂ ತಿಳಿಯಲಿಲ್ಲ. ಆಸ್ಪತ್ರೆಯ ಹಾಲ್‌ನಲ್ಲಿ ಉಕ್ಕಿನ ಬೆಂಚಿನ ಮೇಲೆ ದಿನ ಕಳೆಯಿತು. ಹೆಸರು ಕೂಗಿದಾಗಲೆಲ್ಲ ಹುಡುಗಿ ಬೆಚ್ಚುತ್ತಿದ್ದಳು. ಕಡೆಗೆ ಒಳಗೆ ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿದಳು. ತಾಯಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬೆನ್ನು ನೋಯುತ್ತಿತ್ತು, ಆದರೂ ಹಾಗೆಯೇ ಕೂತಳು.

ಫಲಿತಾಂಶಕ್ಕೆ ಇನ್ನೊಂದು ವಾರ ಕಾಯಬೇಕಾಯಿತು. ಆ ವಾರ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಅದೇ ಎಲ್ಲರಿಗೂ ಭಯವಾಗಿತ್ತು. ಮತ್ತೆ ಹೋದ ದಿನ ಗಂಡನೂ ಡಿಪೋದಿಂದ ನೇರ ಕೆಲಸದ ಬಟ್ಟೆಯಲ್ಲೇ ಬಂದು ಸೇರಿಕೊಂಡ.

“ನಿರಪಾಯದ ಗಂಟು,” ಎಂದಳು ವೈದ್ಯೆ. “ತೆಗೆಯೋದೂ ಬೇಕಿಲ್ಲ. ಆದ್ರೆ ವರ್ಷ ವರ್ಷ ಬಂದು ತೋರಿಸ್ತಾ ಇರ್ಬೇಕು.”

“ಎಲ್ಲಿಯವರೆಗೆ?” ಎಂದಳು ಹುಡುಗಿ.

“ತೋರಿಸ್ತಾ ಇರ್ಬೇಕು,” ಎಂದಳು ವೈದ್ಯೆ, ಮೃದುವಾಗಿಯೇ.

ಹೊರಗೆ ಬಂದ ಮೇಲೆ ಮೂವರಿಗೂ ಸಂತೋಷಪಡುವ ಶಕ್ತಿಯೂ ಉಳಿದಿರಲಿಲ್ಲ. ಗಂಡ ಮೂರು ಲೋಟ ಚಹಾ ತಂದ, ನಿಂತಲ್ಲೇ ಕುಡಿದರು. ಸಂಜೆಯ ಬಸ್ಸು ತುಂಬಿತ್ತು. ತಾಯಿ ಮಗಳಿಗೆ ಒಂದು ಸೀಟು ಸಿಕ್ಕಿತು, ಗಂಡ ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ಕಿಟಕಿಯ ಕಡೆಗೆ ಕೂತ ಮಗಳ ಕಣ್ಣು ಎಳೆಯುತ್ತಿತ್ತು.

“ಈ ಕಡೆ ಒರಗಿದ್ರೆ ನೋಯತ್ತಾ?” ಎಂದಳು.

“ಇಲ್ಲ. ಒರಗು.”

ಹುಡುಗಿ ಕೆಂಪು ಹೊಲಿಗೆಯ ಮೇಲೆ ಕೆನ್ನೆಯಿಟ್ಟು, ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ನಿದ್ದೆಹೋದಳು.

ಎದುರು ಸಾಲಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳ ಕಣ್ಣು ದರ್ಜಿಯ ಅಂಗಿಯ ಮೇಲೆ ನಿಂತಿತು, ಆ ಬದಿಯಿಂದ ಈ ಬದಿಗೆ ಹೋಯಿತು, ಮತ್ತೆ ಆ ಬದಿಗೆ ಬಂತು. ಗಂಡ ಅದನ್ನು ಕಂಡ. ಕಂಬಿಯ ಮೇಲಿನ ಕೈ ಬದಲಿಸಿ, ಒಂದು ಹೆಜ್ಜೆ ಸರಿದು, ತನ್ನ ಮೈಯನ್ನು ಹೆಂಡತಿಗೂ ಆ ಹೆಂಗಸಿಗೂ ನಡುವೆ ತಂದು ನಿಲ್ಲಿಸಿದ.

ದರ್ಜಿ ತಲೆ ಎತ್ತಿ ಅವನನ್ನು ನೋಡಿದಳು. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು, ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು.

“ಅಡ್ಡ ನಿಲ್ಬೇಡಿ,” ಎಂದಳು, ಮಗಳು ಏಳದ ಹಾಗೆ ಮೆಲ್ಲಗೆ. “ಗಾಳಿ ಬರ್ಲಿ.”

ಅವನು ಕಂಬಿಯ ಮೇಲಿನ ಕೈ ಮತ್ತೆ ಬದಲಿಸಿದ. ಆಮೇಲೆ ಪಕ್ಕಕ್ಕೆ ಸರಿದ.